ಕಾಜಾದಮ್ಮ ಕೇಳಿದ ಕಾದಂಬರಿಗಳು

ದರ್ಜಿ ಅಂಗಡಿಯ ಮೇಲಿನ ಮನೆಯ ಮುದುಕಿಗೆ ಬೀದಿಯವರು ಇಟ್ಟ ಹೆಸರು ಕಾಜಾದಮ್ಮ. ಗುಂಡಿ ತೂರಿಸಲು ಬಟ್ಟೆಯನ್ನು ಸೀಳಿ, ಆ ಸೀಳಿನ ಅಂಚನ್ನು ದಾರದಿಂದ ಕಟ್ಟಿದರೆ ಅದು ಕಾಜಾ. ಯಂತ್ರದ ಕಾಜಾ ನಾಲ್ಕು ಒಗೆತಕ್ಕೇ ಬಾಯಿ ಬಿಡುತ್ತದೆಂದು ಕೆಳಗಿನ ದರ್ಜಿ ಒಳ್ಳೆಯ ಕೋಟುಗಳನ್ನೆಲ್ಲ ಇವಳಿಗೇ ಕಳಿಸುತ್ತಿದ್ದ. ಗಂಡ ತೀರಿಕೊಂಡ ಮೇಲೆ ಹಿಡಿದ ಸೂಜಿ ಅದು. ಕೂದಲು ಹತ್ತಿಯಂತಾದರೂ ಕೈ ಇನ್ನೂ ಅದುರಿರಲಿಲ್ಲ.

ಅಕ್ಷರ ಮಾತ್ರ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದುತ್ತಿದ್ದಳು, ಒತ್ತಕ್ಷರ ಬಂದರೆ ಎಡವುತ್ತಿದ್ದಳು. ಹಾಗಾಗಿ ಪುಸ್ತಕ ಓದುವುದು ಸೊಸೆಯ ಪಾಲಿನ ಕೆಲಸ. ಸೊಸೆ ಬೆಳಗಿನ ಪಾಳಿಯಲ್ಲಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೂರುವವಳು. ಮಧ್ಯಾಹ್ನ ಬಂದು ಉಂಡು, ಗೋಡೆಗೆ ಒರಗಿ ಕಾಲು ಚಾಚಿ, ಗ್ರಂಥಾಲಯದಿಂದ ತಂದ ಹೊಸ ಪುಸ್ತಕವನ್ನು ಗಟ್ಟಿಯಾಗಿ ಓದುವಳು. ಅತ್ತೆ ಕಿಟಕಿಯ ಬೆಳಕಿಗೆ ಕೋಟು ಹಿಡಿದು ಕೇಳುವಳು. ಸುಮ್ಮನೆ ಕೇಳುವ ಜೀವವಲ್ಲ ಅದು.

"ಮುಂಚಿನ ಕತೆಗಳಲ್ಲಿ ಬಂಗಲೆ ಇರ್ತಿತ್ತು. ಈಗ ಎಲ್ಲರೂ ನಮ್ಮ ಹಾಗೆ ಎರಡು ಕೋಣೆಯಲ್ಲೇ ಇದ್ದಾರೆ, ಒಳ್ಳೇದಾಯ್ತು. ಆದ್ರೆ ಆ ಹುಡುಗಿ ಅಷ್ಟು ಹೊತ್ತು ಕಿಟಕಿ ಹತ್ರ ನಿಂತಿದ್ರೆ ಒಲೆ ಮೇಲಿಟ್ಟಿದ್ದು ಸೀಯಲ್ವಾ?"

"ಅವಳು ಯೋಚನೆ ಮಾಡ್ತಿದಾಳೆ ಅತ್ತೆ."

"ಒಲೆ ಆರಿಸಿ ಯೋಚನೆ ಮಾಡ್ಲಿ."

ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿಯಲ್ಲಿ ಮನೆಮಂದಿಯೆಲ್ಲ ಒಬ್ಬರ ನಂತರ ಒಬ್ಬರು ಒಂದೇ ಜಗಳವನ್ನು ತಮ್ಮ ತಮ್ಮ ಬಾಯಲ್ಲಿ ಹೇಳುತ್ತಿದ್ದರು. ಅದು ಅವಳಿಗೆ ಬಲು ಹಿಡಿಸಿತು. "ಸಾಕ್ಷಿ ಹೇಳಿಸಿದ ಹಾಗಿದೆ. ಎಲ್ಲರದ್ದೂ ಮುಗೀಲಿ, ಯಾರದ್ದು ಸುಳ್ಳು ಅಂತ ನಾನು ಹೇಳ್ತೀನಿ."

ಪದ್ಯವನ್ನೂ ಬಿಡುತ್ತಿರಲಿಲ್ಲ. ಪ್ರಾಸವಿಲ್ಲದ ಪದ್ಯ ಮೊದಮೊದಲು ಕಲ್ಲು ಆರಿಸದ ಅಕ್ಕಿಯ ಹಾಗಿದೆ ಎನ್ನುತ್ತಿದ್ದಳು. ಒಂದು ಪದ್ಯದಲ್ಲಿ ಹೆಂಗಸೊಬ್ಬಳು ಸತ್ತ ಗಂಡನ ಅಂಗಿ ಮಡಿಸುವಾಗ ಕತ್ತಿನ ಗುಂಡಿಯನ್ನೂ ಹಾಕುತ್ತಾಳೆ. ಸೂಜಿ ನಿಂತಿತು. "ಆ ಗುಂಡಿ ಬದುಕಿರೋ ಗಂಡಸು ಯಾವನೂ ಹಾಕಲ್ಲ. ಇವಳು ಹಾಕ್ತಾಳಲ್ಲ... ಇನ್ನೊಂದ್ಸಲ ಓದು."

ಅವಳಿಗೆ ತಡೆಯಲಾಗದ್ದು ಒಂದೇ, ಮುಗಿಯದ ಕತೆ. ನಿವೃತ್ತ ಮೇಷ್ಟರೊಬ್ಬರ ಕತೆ ಹೇಳುವ ಕಾದಂಬರಿಯೊಂದು, ಅವರು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಾಗಲೇ ನಿಂತುಹೋಯಿತು.

"ಮುಂದೆ?"

"ಅಷ್ಟೇ ಅತ್ತೆ."

"ಅಷ್ಟೇ ಅಂದ್ರೆ? ವಯಸ್ಸಾದವರನ್ನ ಚಳಿಯಲ್ಲಿ ಕೂರಿಸಿ ಬರೆದೋನು ಎದ್ದು ಹೋದ್ನಾ?"

ಆ ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಮರುದಿನ ಸೊಸೆ, "ಎರಡು ಹಾಳೆ ಅಂಟ್ಕೊಂಡಿತ್ತು ಅತ್ತೆ" ಎಂದು ಇನ್ನಷ್ಟು ಓದಿದಳು. ಮೇಷ್ಟ್ರು ಮನೆಗೆ ಹೋಗಿ ಬೆಕ್ಕು ಸಾಕಿಕೊಂಡರು. ಕಾಜಾದಮ್ಮನಿಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಬಂದದ್ದು ಅಕ್ಕತಂಗಿಯರ ಕಾದಂಬರಿ. ಅಮ್ಮ ಸತ್ತ ದಿನ ತಂಗಿ ಎಲ್ಲರೆದುರು ಒಂದು ಮಾತು ಆಡುತ್ತಾಳೆ, ಅಕ್ಕ ಮಾತು ಬಿಡುತ್ತಾಳೆ. ಕೇಳುತ್ತಾ ಕೇಳುತ್ತಾ ಕಾಜಾದಮ್ಮನ ದಾರ ಗಂಟಾಯಿತು. ಅವಳಿಗೂ ಒಬ್ಬಳು ತಂಗಿ ಇದ್ದಳು. ಅಮ್ಮನ ಹಾಸಿಗೆ ಇನ್ನೂ ಮಡಿಸಿರಲಿಲ್ಲ, ಅವಳು ಬಂದವಳೇ, "ನೀನು ಸರಿಯಾಗಿ ನೋಡ್ಕೊಂಡಿದ್ರೆ ಅಮ್ಮ ಇನ್ನೆರಡು ವರ್ಷ ಇರ್ತಿದ್ಲು" ಅಂದುಬಿಟ್ಟಿದ್ದಳು. ಅಂದಿನಿಂದ ಅತ್ತ ಅವಳು, ಇತ್ತ ಇವಳು. ಇರುವುದು ಒಂದೇ ಊರಿನಲ್ಲಿ, ಎರಡು ಬಸ್ಸು ಬದಲಿಸುವಷ್ಟು ದೂರದಲ್ಲಿ.

ಕಾದಂಬರಿಯ ಕೊನೆಯನ್ನು ಸೊಸೆ ನಿಧಾನವಾಗಿ ಓದಿದಳು: ತಂಗಿ ಬಂದು ಬಾಗಿಲು ತಟ್ಟಿದಳು, ಅಕ್ಕ ತೆರೆದಳು. ಕಾಜಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನ್ಯಾಯ ಅಂದ್ರೆ ಇದು. ಮಾತು ಆಡಿದೋರು ಬರಬೇಕು."

ಅಂದಿನಿಂದ ಅವಳ ಕಿವಿ ಬಾಗಿಲಲ್ಲೇ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಸೂಜಿ ಅರ್ಧಕ್ಕೆ ನಿಲ್ಲುತ್ತಿತ್ತು. ತಂಗಿಗೆ ಮಂಡಿ ಹಿಡಿದುಕೊಂಡಿದೆ, ನಡೆಯುವುದು ಕಷ್ಟ ಎಂಬ ಸುದ್ದಿ ಯಾರ ಬಾಯಿಂದಲೋ ಬಂತು. "ನೀವೇ ಒಂದ್ಸಲ ಹೋಗಿ ಬನ್ನಿ ಅತ್ತೆ" ಎಂದಳು ಸೊಸೆ.

"ಯಾಕೆ ಹೋಗ್ಲಿ? ಬರ್ತಾಳೆ. ಪುಸ್ತಕದಲ್ಲಿ ಬರ್ಲಿಲ್ವಾ?"

ಸೊಸೆ ಪುಸ್ತಕವನ್ನು ಮಗುಚಿಟ್ಟು ತಟ್ಟೆ ತೊಳೆಯಲು ಎದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ, ಸೊಸೆ ಕೆಲಸಕ್ಕೆ ಹೋಗಿದ್ದಾಗ, ಕೋಟು ಕೊಡಲು ಮೇಲೆ ಬಂದ ದರ್ಜಿಯ ಹೆಂಡತಿ ಅದೇ ಪುಸ್ತಕವನ್ನು ಕಂಡಳು. "ಇದನ್ನ ನಾನೂ ಓದ್ದೆ. ಕೊನೆ ಮಾತ್ರ ಕೈ ಕೊಡ್ತು ನೋಡಿ. ಆ ಅಕ್ಕ ತಂಗಿ ಮನೆ ಮೆಟ್ಟಿಲ ಕೆಳಗೆ ಹೋಗಿ ನಿಲ್ತಾಳೆ. ಹತ್ತಿದ್ಲೋ ಇಲ್ವೋ ಆ ದೇವರಿಗೇ ಗೊತ್ತು."

"ನೀನು ಓದಿರೋದು ಬೇರೆ ಪುಸ್ತಕ."

"ಇದೇ ಅಮ್ಮಾ, ಇದೇ ರಟ್ಟು."

"ಹಾಗಾದ್ರೆ ನಿದ್ದೆಗಣ್ಣಲ್ಲಿ ಓದಿದೀಯ. ತಂಗಿ ಬರ್ತಾಳೆ, ಅಕ್ಕ ಬಾಗಿಲು ತೆಗೀತಾಳೆ. ನಾನು ಕಿವಿಯಾರೆ ಕೇಳಿದೀನಿ."

"ನಾನು ಕಣ್ಣಾರೆ ನೋಡಿದೀನಲ್ಲ!" ದರ್ಜಿಯ ಹೆಂಡತಿ ನಗುತ್ತಾ ಇಳಿದು ಹೋದಳು.

ಕಾಜಾದಮ್ಮ ಕೋಟನ್ನು ಬದಿಗಿಟ್ಟಳು. ಕನ್ನಡಕ ಒರೆಸಿ, ಪುಸ್ತಕದ ಕೊನೆಯ ಹಾಳೆ ತೆರೆದು, ಬೆರಳಿಟ್ಟಳು. ಸೀಳು ಕಟ್ಟುವಾಗ ಹೇಗೋ ಹಾಗೆ, ಒಂದು ಅಕ್ಷರ ಕೂತ ಮೇಲೇ ಮುಂದಿನದು. ಒತ್ತಕ್ಷರ ಬಂದಲ್ಲಿ ನಿಂತು, ಬಾಯಲ್ಲಿ ಎರಡು ಮೂರು ಬಗೆಯಾಗಿ ಆಡಿ ನೋಡಿ, ಸರಿಹೋದದ್ದನ್ನು ಇಟ್ಟುಕೊಂಡಳು. ಆ ಪುಟಕ್ಕೆ ಆ ಬೆಳಗು ಸಾಲದೆ ಮರುದಿನದ ಬೆಳಗೂ ಬೇಕಾಯಿತು. ಅಕ್ಕ ಹೊರಟಿದ್ದಳು. ತಂಗಿಯ ಮನೆಯ ಮೆಟ್ಟಿಲ ಕೆಳಗೆ ನಿಂತು, ಕಂಬಿಗೆ ಕೈಯಿಟ್ಟಿದ್ದಳು. ಅದರ ಮುಂದೆ ಬಿಳಿ ಕಾಗದ. ಹಾಳೆ ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದ ಕೆದಕಿಯೂ ನೋಡಿದಳು.

ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ವಿಚಾರಣೆ ಶುರುವಾಯಿತು.

"ತಂಗಿ ಎಲ್ಲಿ ಬಂದ್ಲೇ?"

ಸೊಸೆಗೆ ಅರ್ಥವಾಯಿತು. ಗೋಡೆಗೆ ಒರಗಿ ಕೂತಳು. "ಬರ್ಲಿಲ್ಲ ಅತ್ತೆ. ನಾನೇ ಕರ್ಕೊಂಡು ಬಂದೆ. ನೀವು ಮತ್ತೆ ಊಟ ಬಿಡ್ತೀರಾ ಅಂತ."

"ಎಷ್ಟು ಪುಸ್ತಕಕ್ಕೆ ಹೀಗೆ ಮಾಡಿದೀಯಾ?"

"ಈಚಿನವಕ್ಕೆಲ್ಲ. ಬರೆಯೋರು ಯಾರೂ ಪೂರ್ತಿ ಮುಗಿಸಲ್ಲ, ಏನ್ಮಾಡ್ಲಿ?"

"ಮೇಷ್ಟ್ರು ಬೆಕ್ಕು ಸಾಕಿದ್ದು?"

"ಅದು ನಾನು ಸಾಕಿದ್ದು."

ಕಾಜಾದಮ್ಮನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. "ಬೆಕ್ಕು ಸಾಕು, ಬೇಡ ಅನ್ನಲ್ಲ. ಇದನ್ನ ಯಾಕೆ ತಿರುಗಿಸಿದೆ? ನಾನು ಬಾಗಿಲು ಕಾಯ್ತಾ ಕೂತಿದ್ದೆನಲ್ಲೇ."

ಸೊಸೆಯ ಮುಖ ಸಣ್ಣದಾಯಿತು. "ತಪ್ಪಾಯ್ತು. ಆದ್ರೆ ಪದ್ಯಕ್ಕೆ ನೀವು ಯಾವತ್ತೂ ಮುಂದೇನಾಯ್ತು ಅಂತ ಕೇಳಿದ್ದಿಲ್ಲ. ಕತೆಗೆ ಮಾತ್ರ ಯಾಕೆ ಕೇಳ್ತೀರಾ?"

"ಪದ್ಯದಲ್ಲಿ ನನ್ನ ತಂಗಿ ಇರಲಿಲ್ವಲ್ಲ" ಎಂದಳು ಕಾಜಾದಮ್ಮ. ಪುಸ್ತಕವನ್ನು ಮುಚ್ಚಿಟ್ಟು ಮತ್ತೆ ಹೇಳಿದಳು, "ಬರೆದೋನು ಅಕ್ಕನ್ನೇ ಕಳಿಸಿದಾನೆ. ತಪ್ಪು ಯಾರದ್ದು ಅಂತ ಅವನಿಗೆ ಗೊತ್ತಿಲ್ದೆ ಏನಿಲ್ಲ. ಗೊತ್ತಿದ್ದೂ ಕಳಿಸಿದಾನೆ."

ಮರುದಿನ ಊಟವಾದ ಮೇಲೆ ಅವಳು ಹೊರಟಳು. ಜೊತೆಗೆ ಬರುತ್ತೇನೆಂದ ಸೊಸೆಯನ್ನು ಬೇಡವೆಂದಳು. ಮೊದಲ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಎರಡನೆಯದರಲ್ಲಿ ನಿಂತೇ ಹೋದಳು. ತಂಗಿಯ ಮನೆ ನೆಲಮಟ್ಟದ್ದು, ಹತ್ತಲು ಮೆಟ್ಟಿಲೇ ಇರಲಿಲ್ಲ. ಬಾಗಿಲೂ ತೆರೆದಿತ್ತು. ತಂಗಿ ಬಕೆಟ್ಟಿನ ಪಕ್ಕ ಮಣೆ ಹಾಕಿ, ಒಂದು ಕಾಲು ಚಾಚಿಕೊಂಡು ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತಿದಳು. ಹಿಂಡುತ್ತಿದ್ದ ಟವೆಲ್ಲು ಕೈಯಲ್ಲೇ ಉಳಿಯಿತು.

"ಚಪ್ಪಲಿ ಒಳಗೆ ಬಿಡಕ್ಕಾ. ಬೀದಿ ನಾಯಿ ಎತ್ಕೊಂಡು ಹೋಗುತ್ತೆ."

ಕಾಜಾದಮ್ಮ ಚಪ್ಪಲಿ ಒಳಗೆ ಬಿಟ್ಟಳು. "ಮಂಡಿ ಹೇಗಿದೆ?"

"ಇದೆ. ನೀನು ಯಾವತ್ತಾದ್ರೂ ಬಂದು ಬೈತೀಯ ಅಂತ ಕಾದೆ. ಬರಲೇ ಇಲ್ಲ. ಬೈಸಿಕೊಳ್ಳದೆ ನಾನು ಯಾವ ಮುಖ ಇಟ್ಕೊಂಡು ಬರ್ಲಿ ಹೇಳು?"

"ಬೈಯಬೇಕಾ ನಿನ್ನ?"

"ಮತ್ತೆ?"

ಆಗ ಕಾಜಾದಮ್ಮ ಬೈದಳು. ಅಮ್ಮನನ್ನು ಯಾವ ಮಗ್ಗುಲಿಗೆ ಹೊರಳಿಸಿದರೆ ನೋವು ಕಡಿಮೆ ಆಗುತ್ತಿತ್ತು ಎಂಬುದನ್ನು ಹೇಳಿ ಬೈದಳು, ಗಂಜಿಯನ್ನು ಎಷ್ಟು ಆರಿಸಿ ಕುಡಿಸುತ್ತಿದ್ದೆ ಎಂಬುದನ್ನು ಹೇಳಿ ಬೈದಳು, ಕೊನೆಕೊನೆಗೆ ಅಮ್ಮ ಕೇಳಿದ್ದು ನಿನ್ನನ್ನೇ ಹೊರತು ನನ್ನನ್ನಲ್ಲ ಎಂದೂ ಬೈದಳು. ಗಂಟಲು ಒಣಗಿತು. ತಂಗಿ ತಲೆ ತಗ್ಗಿಸಿ, ಒದ್ದೆ ಟವೆಲ್ಲಿನಿಂದಲೇ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಮುಗೀತಾ?"

"ಇನ್ನೂ ಇದೆ."

"ಹಾಗಾದ್ರೆ ಕೂತ್ಕೊಂಡು ಬೈಯಕ್ಕಾ" ಎಂದು ತಂಗಿ ಕಾಲನ್ನು ಮೆಲ್ಲಗೆ ಎಳೆದುಕೊಂಡು ಜಾಗ ಮಾಡಿದಳು.