ಬಸಪ್ಪನ ಮೀನಖಂಡ ಮತ್ತು ನನ್ನ ಕ್ಯಾಪ್ಸೂಲ್

೧೯೮೮ರಲ್ಲಿ ನಾನು ಮುಲುಂಡಿನ ಒಂದು ಪೈಪ್ ಕಾರ್ಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಮೈಸೂರಿನಲ್ಲಿ ಓದಿ, ಮದುವೆಯಾಗಿ ಸಯನ್‌ಗೆ ಬಂದವಳು. ಬೆಳಿಗ್ಗೆ ಏಳೂವರೆಯ ಲೋಕಲ್ ರೈಲು ಹಿಡಿದರೆ ಎಂಟೂಕಾಲಿಗೆ ಡಿಸ್ಪೆನ್ಸರಿಯಲ್ಲಿರುತ್ತಿದ್ದೆ. ಅಲ್ಲಿ ನನ್ನ ಜೊತೆಗಿದ್ದವರು ಒಬ್ಬರೇ, ಉಡುಪಿ ಕಡೆಯ ಕಂಪೌಂಡರ್ ವಿಠಲ ಪೂಜಾರಿ. ಔಷಧ ಕೊಡುವುದು, ಗಾಯ ಕಟ್ಟುವುದು, ರಿಜಿಸ್ಟರ್ ಬರೆಯುವುದು ಎಲ್ಲ ಅವರದೇ.

ಪೈಪ್ ಹೊರುವವರಿಗೆ ಸ್ನಾಯುವಿನ ಪೆಟ್ಟು ತಪ್ಪಿದ್ದಲ್ಲ. ತೊಡೆಯೋ ಸೊಂಟವೋ ಎಳೆದುಕೊಂಡು ಕುಂಟುತ್ತ ಬರುತ್ತಿದ್ದರು. ಐಸ್, ಪಟ್ಟಿ, ನೋವಿನ ಮಾತ್ರೆ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಹಿಂದಿನ ವರ್ಷ ಹಾಗೆ ಬಂದ ಒಬ್ಬನಿಗೆ ಗಂಟಲ ಸೋಂಕೂ ಇತ್ತೆಂದು ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್ ಕ್ಯಾಪ್ಸೂಲ್ ಕೊಟ್ಟಿದ್ದೆ. ಅವನು ಐದೇ ದಿನಕ್ಕೆ ಕೆಲಸಕ್ಕೆ ಹಾಜರಾದ! ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು. ಸೋಂಕಿಲ್ಲದ ಸ್ನಾಯುವಿನಲ್ಲಿ ಅದಕ್ಕೇನೂ ಕೆಲಸವಿಲ್ಲ. ಇದನ್ನು ಪರೀಕ್ಷೆಯಲ್ಲಿ ಬರೆದೇ ಪಾಸಾದವಳು ನಾನು. ಆದರೂ ಕಣ್ಣಾರೆ ಕಂಡದ್ದು ಓದಿದ್ದಕ್ಕಿಂತ ದೊಡ್ಡದಾಗಿ ಕಂಡಿತು. ಇನ್ನೊಬ್ಬನಿಗೆ ಕೊಟ್ಟೆ, ಆಮೇಲೆ ಎಲ್ಲರಿಗೂ ಕೊಡತೊಡಗಿದೆ.

ಒಂದು ವರ್ಷ ಕಳೆದ ಮೇಲೆ ರಿಜಿಸ್ಟರ್ ತೆರೆದು ಕೂತೆ. ಮೊದಲು ಎರಡು ವಾರ ರಜೆ ಹಾಕುತ್ತಿದ್ದವರು ಈಗ ಒಂದು ವಾರದೊಳಗೇ ವಾಪಸು ಬರುತ್ತಿದ್ದರು. ಮ್ಯಾನೇಜರ್ ಸಾಹೇಬರು ಹಿಗ್ಗಿಹೋದರು. ಉಪನಗರಗಳ ಕಾರ್ಖಾನೆ ವೈದ್ಯರ ಸಭೆಯಲ್ಲಿ ಇದನ್ನು ಮಂಡಿಸುವುದೆಂದು ನಿಶ್ಚಯವಾಯಿತು. ಹತ್ತು ಪುಟ ಟೈಪ್ ಮಾಡಿಸಿದೆ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನೆಲದ ಮೇಲೆ ನನ್ನ ಕಾಲಿರಲಿಲ್ಲ.

ಸಭೆಗೆ ಹತ್ತು ದಿನವಿದೆ ಎನ್ನುವಾಗ ಬಸಪ್ಪ ಬಂದ. ಗದಗಿನ ಕಡೆಯವನು, ಧಾರಾವಿಯಲ್ಲಿ ಅಣ್ಣನ ಮನೆಯಲ್ಲಿದ್ದವನು. ಲೋಡಿಂಗ್ ಮಾಡುವಾಗ ಮೀನಖಂಡದ ಸ್ನಾಯು ಹರಿದಿತ್ತು. ಅವನಿಗೂ ಕ್ಯಾಪ್ಸೂಲ್ ಬರೆದೆ. ಆರನೆಯ ದಿನ ಡ್ಯೂಟಿಗೆ ಬಂದವನು ಡಿಸ್ಪೆನ್ಸರಿಯಲ್ಲೇ ಕ್ಯಾಪ್ಸೂಲ್ ನುಂಗಿ ಬೆಂಚಿನ ಮೇಲೆ ಕೂತ. ಹತ್ತು ನಿಮಿಷವಾಗಿರಲಿಲ್ಲ, ಪೂಜಾರಿ ಕೂಗಿದರು: "ಮೇಡಂ, ಬೇಗ ಬನ್ನಿ! ಇವ ಉಸಿರಿಗೆ ಒದ್ದಾಡ್ತಿದ್ದಾನೆ."

ತುಟಿ, ಕಣ್ಣು ಊದಿಕೊಂಡಿದ್ದವು. ಮೈತುಂಬ ಕೆಂಪು ದದ್ದು. ಔಷಧದ ಅಲರ್ಜಿ, ಅದೂ ಜೀವ ತೆಗೆಯುವಂಥದ್ದು. ಕೂಡಲೇ ಅಲರ್ಜಿ ತಡೆಯುವ ಅಡ್ರಿನಲಿನ್ ಚುಚ್ಚಿದೆ. ಕಾರ್ಖಾನೆಯ ಜೀಪಿನಲ್ಲಿ ಅವನ ತಲೆಯನ್ನು ಪೂಜಾರಿ ತೊಡೆಯ ಮೇಲಿಟ್ಟುಕೊಂಡರು, ನಾನು ನಾಡಿ ಹಿಡಿದು ಕೂತೆ. ಹತ್ತಿರದ ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂದಿತ್ತು.

ಮರುದಿನ ನೋಡಲು ಹೋದೆ. ಎದ್ದು ಕೂತು ಚಹಾ ಕುಡಿಯುತ್ತಿದ್ದ. ಅವನಿಗೆ ಸಮಾಧಾನ ಹೇಳುವುದಕ್ಕೋ, ನನಗೇ ಹೇಳಿಕೊಳ್ಳುವುದಕ್ಕೋ ಗೊತ್ತಿಲ್ಲ, "ಏನೇ ಆಗ್ಲಿ ಬಸಪ್ಪ, ಕಾಲಂತೂ ಐದೇ ದಿನಕ್ಕೆ ವಾಸಿಯಾಯ್ತಲ್ಲ" ಅಂದೆ.

ಅವನು ನಕ್ಕುಬಿಟ್ಟ. "ಕಾಲು ಎಲ್ಲಿ ವಾಸಿ ಆಗೇತ್ರಿ ಬಾಯಾರ? ಇನ್ನೂ ಊರಾಕ ಬರವಲ್ದು. ಕುಂತು ಲೇಬಲ್ ಹಚ್ಚೋ ಕೆಲಸ ಕೊಡ್ತಾರ, ಅದಕ್ಕ ಬಂದೀನ್ರಿ."

"ಯಾವಾಗಿಂದ ಕೊಡ್ತಿದ್ದಾರೆ?"

"ಹೋದ ವರ್ಷದಿಂದ್ರಿ. ಯೂನಿಯನ್ ಮಂದಿ ಮಾತಾಡಿ ಲೈಟ್ ಡ್ಯೂಟಿ ಮಾಡಿಸ್ಯಾರಲ್ರಿ. ಮೊದಲ ಪೂರಾ ಆರಾಮ ಆಗೋತನಾ ಮನ್ಯಾಗ ಕುಂದರಬೇಕಿತ್ತು."

ನಾನು ಎಣಿಸಿದ್ದು ಗಾಯ ವಾಸಿಯಾದ ದಿನಗಳನ್ನಲ್ಲ, ಗೇಟಿನೊಳಗೆ ಬಂದ ದಿನಗಳನ್ನು. ಡಿಸ್ಪೆನ್ಸರಿಗೆ ಮರಳಿ ಪೂಜಾರಿಯವರ ಜೊತೆ ಮತ್ತೆ ರಿಜಿಸ್ಟರ್ ನೋಡಿದೆ. ಲೈಟ್ ಡ್ಯೂಟಿ ಶುರುವಾದದ್ದೂ ನನ್ನ ಕ್ಯಾಪ್ಸೂಲ್ ಶುರುವಾದದ್ದೂ ಒಂದೇ ತಿಂಗಳು. ಮಳೆಗಾಲದಲ್ಲಿ ಒಮ್ಮೆ ಕ್ಯಾಪ್ಸೂಲ್ ಸ್ಟಾಕ್ ಮುಗಿದು ಮೂರು ವಾರ ಯಾರಿಗೂ ಕೊಟ್ಟಿರಲಿಲ್ಲ. ಆಗ ಬಂದವರೂ ವಾರದೊಳಗೇ ಕೆಲಸಕ್ಕೆ ಮರಳಿದ್ದರು.

ಪೂಜಾರಿ ತಲೆ ತಗ್ಗಿಸಿದರು. "ಲೈಟ್ ಡ್ಯೂಟಿ ವಿಷಯ ನಂಗೆ ಗೊತ್ತಿತ್ತು ಮೇಡಂ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನೀವು ಅಷ್ಟು ಖುಷಿಯಲ್ಲಿದ್ರಿ."

ಆ ಮಾತು ಚುಚ್ಚಿತು. ಕೇಳದಿದ್ದದ್ದು ನನ್ನ ತಪ್ಪು. ಹೇಳಲು ಅವರು ಹಿಂಜರಿದದ್ದಕ್ಕೂ ನಾನೇ ಕಾರಣ. ಸಭೆಗೆ ಹುಷಾರಿಲ್ಲವೆಂದು ಚೀಟಿ ಕಳಿಸಿಬಿಡೋಣ ಅನ್ನಿಸಿತ್ತು. ಆದರೆ ನನ್ನ ಮಾತು ಆಗಲೇ ಬಾಯಿಂದ ಬಾಯಿಗೆ ಹೋಗಿತ್ತು, ಬೇರೆ ಕಾರ್ಖಾನೆಗಳಲ್ಲೂ ಕೆಲವರು ಕ್ಯಾಪ್ಸೂಲ್ ಕೊಡಲು ಆರಂಭಿಸಿದ್ದರು. ಸುಮ್ಮನಿದ್ದರೆ ಇನ್ನೊಬ್ಬ ಬಸಪ್ಪ ಉಸಿರಿಗೆ ಒದ್ದಾಡಬೇಕಾಗುತ್ತಿತ್ತು.

ಹೋದೆ. ಟೈಪ್ ಮಾಡಿಸಿದ ಹಾಳೆಗಳನ್ನು ಓದಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಮರಾಠಿ ವೈದ್ಯರು ಎದ್ದು ಹಿಂದಿಯಲ್ಲಿ, "ನಿಮ್ಮ ಮಾತು ಕೇಳಿ ನಾನೂ ಕೊಡುತ್ತಿದ್ದೆ, ತಾಯಿ. ನಾಳೆಯಿಂದ ಕೊಡುವುದಿಲ್ಲ" ಎಂದು ಕೈಮುಗಿದರು. ಆ ನಮಸ್ಕಾರಕ್ಕೆ ನಾನು ಇಂದಿಗೂ ಋಣಿ.

ಬಸಪ್ಪನಿಗೆ ಆಂಪಿಸಿಲಿನ್, ಅದೇ ಜಾತಿಯ ಪೆನಿಸಿಲಿನ್ ಯಾವತ್ತೂ ಕೊಡಕೂಡದೆಂದು ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟು, ಬೇಡದ ಔಷಧ ಕೊಟ್ಟೆನೆಂದು ಕ್ಷಮೆ ಕೇಳಿದೆ. ಅವನಿಗೆ ಸಂಕೋಚವಾಯಿತು. "ಇರ್ಲಿ ಬಿಡ್ರಿ ಬಾಯಾರ, ಉಳಿಸಿದವ್ರೂ ನೀವ ಅಲ್ರೀ" ಅಂದ. ನಾನು ಕೇಳಿದ ಮೇಲೆ ಪೂಜಾರಿ ರಿಜಿಸ್ಟರಿನಲ್ಲಿ ಹೊಸದೊಂದು ಕಾಲಂಗೆ ಗೆರೆ ಎಳೆದರು: ರೋಗಿ ಏನನ್ನುತ್ತಾನೆ? ಮುಂದಿನ ಇಪ್ಪತ್ತು ವರ್ಷ ಯಾವ ಲೆಕ್ಕ ಹಾಕುವ ಮೊದಲೂ ಆ ಕಾಲಂ ಓದಿದ್ದೇನೆ. ಔಷಧದಿಂದ ಗುಣವಾಯಿತು ಎನ್ನುವ ಮುನ್ನ ಮತ್ತೇನು ಬದಲಾಗಿತ್ತು, ಯಾರನ್ನು ಕೇಳಿಲ್ಲ ಎಂದು ನೋಡುವುದನ್ನು ನನಗೆ ಕಲಿಸಿದವರು ಒಬ್ಬ ಲೋಡರ್ ಮತ್ತು ಒಬ್ಬ ಕಂಪೌಂಡರ್.

ಬಸಪ್ಪನಿಗೆ ಆ ಚೀಟಿ ಕೊಟ್ಟು ಒಂದು ತಿಂಗಳು ಕಳೆದಿರಬೇಕು. ಸಂಜೆ, ಧಾರಾವಿಯವರೂ ಇಳಿಯುವ ಸಯನ್ ಸ್ಟೇಷನ್ನಿನಲ್ಲಿ ಇಳಿದು ಜನರ ನಡುವೆ ನಿಂತಿದ್ದೆ. ಬ್ರಿಡ್ಜಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ ಬಸಪ್ಪ ಮೇಲಿನಿಂದ ಬಗ್ಗಿ ಕೂಗಿದ:

"ಬಾಯಾರ, ಇವತ್ತ ವಾಸಿ ಆತು ನೋಡ್ರಿ. ಈಗ ಬರಕೋರಿ!"