ಮುತ್ಯಾನ ರೆಕ್ಕೆಯ ಎತ್ತು

ಹಿತ್ತಿಲಲ್ಲಿ ಅವ್ವ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಾಳೆ. ಆ ಹುಳಿ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರುತ್ತದೆ. ನನಗೆ ಮುತ್ಯಾ ನೆನಪಾಗುತ್ತಾನೆ. ಅಜ್ಜನನ್ನು ನಾವು ಕರೆಯುತ್ತಿದ್ದುದು ಹಾಗೆ.

ಎಂಬತ್ತೆಂಟನೆಯ ಇಸವಿಯಲ್ಲಿ, ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಮುತ್ಯಾನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಸದಲಗಾದ ಹೊಲಕ್ಕೆ ಹೋಗುವುದು ನಿಂತಿತು. ಎತ್ತುಗಳು ಕಾಕಾನ ಕೈಗೆ ಹೋದವು. ಮುತ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಊಟಕ್ಕೆ ಕರೆದರೂ ಏಳಲೊಲ್ಲ. ಅವನನ್ನು ಹೇಗಾದರೂ ಪಡಸಾಲೆಗೆ ತಂದು ಕೂರಿಸಬೇಕೆಂದು ಅಕ್ಕ ಒಂದು ಆಟ ಹುಟ್ಟಿಸಿದಳು.

ಸೀರೆ ಡಬ್ಬಿಯ ರಟ್ಟಿನ ಮೇಲೆ ಮನೆಗಳನ್ನು ಬರೆದಳು. ದೂಧಗಂಗೆಯ ದಂಡೆಯ ಮಣ್ಣಿನಿಂದ ಲೋಕದಲ್ಲಿಲ್ಲದ ಪ್ರಾಣಿಗಳನ್ನು ಮಾಡಿದಳು: ಅವ್ವನಿಗೆ ಆರು ಕಾಲಿನ ಎಮ್ಮೆ, ನನಗೆ ಮೀನಬಾಲದ ಕುದುರೆ, ಮುತ್ಯಾನಿಗೆ ರೆಕ್ಕೆಯ ಎತ್ತು. ಒಡೆದ ನಾಲ್ಕು ಹುಣಸೆ ಬೀಜ ಉರುಳಿಸಿ, ಬಿಳಿ ಮೈ ಮೇಲಾಗಿ ಬಿದ್ದಷ್ಟು ಮನೆ ಮುಂದಕ್ಕೆ ಪ್ರಾಣಿಯನ್ನು ನಡೆಸಬೇಕು, ಅಷ್ಟೇ ಜೋಳದ ಕಾಳು ಮೇವು ಹಾಕಬೇಕು. ಯಾರೂ ಯಾರನ್ನೂ ಸೋಲಿಸುವಂತಿಲ್ಲ; ದಿನಕ್ಕೊಂದು ಸರದಿಯಂತೆ ಎಲ್ಲ ಪ್ರಾಣಿಗಳನ್ನೂ ದೀಪಾವಳಿಯವರೆಗೆ ಸಾಕಬೇಕು. ಮೇವಿಲ್ಲದ ದಿನ ಒಂದು ಹಸಿವಿನ ಗೆರೆ. ಮೂರು ಗೆರೆಯಾದರೆ ಪ್ರಾಣಿ ಸತ್ತಂತೆ. ಈ ಗೆರೆಯ ನಿಯಮ ನನ್ನದು, ಬರೆದಿಡುವ ವಹಿಯೂ ನನ್ನದು. ಅದರಲ್ಲಿ ಬರೆದದ್ದನ್ನು ಹೊಡೆದುಹಾಕಿದ ಒಂದೂ ಕಾಟು ಇಲ್ಲವೆಂಬ ಸೊಕ್ಕು ಬೇರೆ.

ಮುತ್ಯಾ ಎದ್ದು ಬಂದ. ಎಡಗೈಯಲ್ಲಿ ಬೀಜ ಉರುಳಿಸಿದ. ಕಾಳು ಇಡುವ ಮೊದಲು ಮಣ್ಣಿನ ಎತ್ತಿನ ಬೆನ್ನು ಸವರುತ್ತಿದ್ದ. ಅವ್ವನ ಎಮ್ಮೆ ನೋಡಿ, "ಆರ ಕಾಲಿದ್ರೂ ಹಾಲ ಅಷ್ಟ ಏನವಾ?" ಎಂದು ಚಾಷ್ಟಿ ಮಾಡುವಷ್ಟು ಚೇತರಿಸಿಕೊಂಡ.

ಸೋಮವಾರ ಮಾತ್ರ ಬೀಜ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಅದು ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವನಿಗೆ ಮಣ್ಣಿನ ಎತ್ತೂ ಎತ್ತೇ. ನನಗೆ ಮಾತ್ರ ಕಾಳು ಬೀಳದ ದಿನವೆಂದರೆ ಗೆರೆ.

ಎರಡನೆಯ ವಾರ ಮೂರನೆಯ ಗೆರೆ ಬಿತ್ತು. "ಮುತ್ಯಾ, ನಿನ್ನ ಎತ್ತ ಸತ್ತೈತಿ" ಎಂದು ವಹಿ ನೋಡಿ ಹೇಳಿದೆ.

ಅವನು ವಾದ ಮಾಡಲಿಲ್ಲ. "ಬರದಿ ಅಂದ್ರ ಖರೇನ ಇರಬೇಕು. ನನ್ನ ಕೈಯಾಗ ಇನ್ನ ದನಾ ಉಳಿಯಂಗಿಲ್ಲ ಬಿಡು" ಅಂದ.

ಅವ್ವನಿಂದ ಅರಿಷಿಣ ಕುಂಕುಮ ಕೇಳಿ ಪಡೆದ. ಸತ್ತ ಎತ್ತಿಗೆ ಮಾಡುವಂತೆ ಪೂಜೆ ಮಾಡಿ, ಎಡಗೈಯಿಂದಲೇ ಹಿತ್ತಿಲಲ್ಲಿ ಕುಣಿ ತೋಡಿ ಹೂತ. ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅವ್ವ ಬೈಯಲಿಲ್ಲ. ಯಾವ ಯಾವ ದಿನದ ಗೆರೆ ಎಂದು ಓದಿಸಿಕೊಂಡು ಇಷ್ಟೇ ಕೇಳಿದಳು: "ಸೋಮವಾರ ಎತ್ತ ಹೂಡಂಗಿಲ್ಲ ಖರೆ. ಮೇವ ಹಾಕಲಾರದ ಇರ್ತೀವೇನ?"

ಆಗಲೇ ಸೋಮವಾರದ ಎರಡು ಗೆರೆಗೆ ಕಾಟು ಹಾಕಿ, ಓಡಿಹೋಗಿ ಮುತ್ಯಾನನ್ನು ಎಬ್ಬಿಸಬಹುದಿತ್ತು. ವಹಿ ಕೆಡುತ್ತದೆಂದು ನಾಳೆ ನೋಡೋಣ ಅಂದುಕೊಂಡೆ. ಅಕ್ಕ ಬೇರೆ ಎತ್ತು ಮಾಡಿಕೊಟ್ಟಳು; ಅವನು ತಿರುಗಿ ನೋಡಲಿಲ್ಲ. ದೀಪಾವಳಿಯ ಹೊತ್ತಿಗೆ ಅವನೇ ಇರಲಿಲ್ಲ.

ಇಂದು ವಹಿ ತೆಗೆದು, ಹತ್ತು ವರ್ಷ ತಡವಾಗಿ, ಸೋಮವಾರದ ಎರಡೂ ಗೆರೆಗಳಿಗೆ ಕಾಟು ಹಾಕಿದೆ. ಉಳಿದದ್ದು ಗುರುವಾರದ ಒಂದು ಗೆರೆ. ಅದರ ಪಕ್ಕದಲ್ಲಿ ನನ್ನದೇ ದುಂಡನೆಯ ಅಕ್ಷರ: 'ಇವತ್ತು ನನಗೆ ಒಂದೂ ಬಿಳಿ ಬೀಳಲಿಲ್ಲ. ಮುತ್ಯಾ ತನ್ನ ನಾಲ್ಕೂ ಕಾಳು ನನ್ನ ಕುದುರೆಗೆ ಹಾಕಿದ.'