ಬೇರೆ ಹೆಸರಿನ ಫಿಲಂ

ಮೊನ್ನೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಮುಂದೆ ಗೋಬಿ ಗಾಡಿಯವನು ಬಾಣಲೆಗೆ ವಿನಿಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಫೋಟೋ ಸ್ಟುಡಿಯೋ ಅಣ್ಣ ನೆನಪಾಗಿಬಿಟ್ಟರು. ಅವರು ಫಿಲಂ ತೊಳೆಯುವ ಕತ್ತಲೆ ಕೋಣೆಯಿಂದ ಬರುತ್ತಿದ್ದುದು ಇದೇ ವಾಸನೆ. ತೊಂಬತ್ತರ ದಶಕದಲ್ಲಿ ಪಕ್ಕದ ಮಳಿಗೆಯಲ್ಲಿ ನಾನು ಬಟ್ಟೆ ಹೊಲಿಯುತ್ತಿದ್ದೆ. ನಡುವೆ ಒಂದೇ ಗೋಡೆ. ಅವರು ಕೆಮ್ಮಿದರೂ ನನಗೆ ಕೇಳುತ್ತಿತ್ತು.

ಆಗ ಅರ್ಜಿಗೆ, ಹಾಲ್ ಟಿಕೆಟ್ಟಿಗೆಲ್ಲ ಕಪ್ಪು-ಬಿಳುಪು ಫೋಟೋ. ಅಣ್ಣ ಮೈಸೂರಿನಿಂದ ಅಗ್ಗದ ಫಿಲಂ ತರುತ್ತಿದ್ದರು. ಡಬ್ಬದ ಮೇಲೆ ಸಲಕ್ಕೊಂದು ಹೊಸ ಹೆಸರು. ಮಾಡಿದವರು ಯಾರೋ, ಹೆಸರು ಅಂಟಿಸಿದವರು ಯಾರೋ. ಮಾಡಿದವರು ಯಾರೆಂದು ತಿಳಿಯದೆ ತೊಳೆಯುವಂತಿರಲಿಲ್ಲ. ಕೆಲವರ ಫಿಲಂ ನಮ್ಮ ಬೇಸಿಗೆಯ ನೀರನ್ನು ತಡೆದುಕೊಳ್ಳುತ್ತಿತ್ತು, ಕೆಲವರದ್ದು ಬೆಚ್ಚಗಿನ ನೀರಿಗೆ ಬಿದ್ದರೆ ಚಿತ್ರ ಮೂಡುವ ಪದರವೇ ಹಾಲಿನ ಕೆನೆಯಂತೆ ಜಾರಿಹೋಗುತ್ತಿತ್ತು. ಅದಕ್ಕೇ ಹೊಸ ಪೆಟ್ಟಿಗೆ ಬಂದಾಗ ಒಂದು ರೋಲಿನ ತುದಿ ಕತ್ತರಿಸಿ ಲೋಟದ ನೀರಿಗೆ ಹಾಕುತ್ತಿದ್ದರು. ನೀರು ಹಸಿರಾದರೆ ಗಟ್ಟಿ ಫಿಲಂನ ಕಂಪನಿ, ನೇರಳೆಯಾದರೆ ಇನ್ನೊಂದು. "ಅಂಗಿ ಬೇರೆ ಕಣವ್ವ, ಆಳು ಅದೇ," ಎಂದು ನಗುತ್ತಿದ್ದರು. ನೇರಳೆಗೆ ಮಾತ್ರ ಮಡಕೆಯ ತಣ್ಣೀರು.

ಊರಿನವರದ್ದೆಲ್ಲ ತೆಗೆದ ಮನುಷ್ಯ ತನ್ನ ಹೆಂಡತಿಯದ್ದು ಒಂದು ಫೋಟೋವನ್ನೂ ತೆಗೆದಿರಲಿಲ್ಲ. ಮದುವೆಯಲ್ಲೂ ತೆಗೆಸಿರಲಿಲ್ಲವಂತೆ. "ಮನೇಲೇ ಅವ್ಳೆ ಕಣವ್ವ, ಯಾವಾಗ್ ಬೇಕಾದ್ರೂ ತಗುದ್ರಾಯ್ತು ಬುಡು," ಎನ್ನುತ್ತಿದ್ದರು. ಒಂದು ಬೇಸಿಗೆಯಲ್ಲಿ ಅತ್ತಿಗೆ ತಾವೇ ರೇಷ್ಮೆ ಸೀರೆ ಉಟ್ಟು ಬಂದು ಸ್ಟೂಲಿನ ಮೇಲೆ ಕೂತುಬಿಟ್ಟರು. "ಇವತ್ತು ತೆಗಿದೆ ಇದ್ರೆ ನಾ ಏಳಾಕಿಲ್ಲ!" ಅಣ್ಣ ನಗುತ್ತಲೇ ತೆಗೆದರು.

ರೋಲು ಮುಗಿಯದೆ ತೊಳೆಯುವ ಪದ್ಧತಿ ಸ್ಟುಡಿಯೋಗಳಲ್ಲಿ ಇರಲಿಲ್ಲ. ಅತ್ತಿಗೆಯ ಮುಖ ಕ್ಯಾಮೆರಾದೊಳಗೇ ಗಿರಾಕಿಗಳಿಗಾಗಿ ಕಾಯುತ್ತಾ ಉಳಿಯಿತು. ಅಷ್ಟರಲ್ಲಿ ಮೆದುಳು ಜ್ವರ… ಮಂಡ್ಯದ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ತಿಥಿಗೆ ಫೋಟೋ ಬೇಕಿತ್ತು. ಅತ್ತಿಗೆಯ ರೋಲಿದ್ದ ಪೆಟ್ಟಿಗೆಯಲ್ಲಿ ಮೊದಲು ನೋಡಿದ ತುದಿ ಹಸಿರು ಬಿಟ್ಟಿದ್ದರಿಂದ ಅಣ್ಣ ಧೈರ್ಯವಾಗಿ ತೊಟ್ಟಿಯ ಬೆಚ್ಚಗಿನ ನೀರನ್ನೇ ಬಳಸಿದರು. ಒಂದೇ ಹೆಸರಿನ ಒಂದೇ ಪೆಟ್ಟಿಗೆಯೊಳಗೆ ಎರಡು ಕಂಪನಿಗಳ ಮಾಲು ತುಂಬಿರುತ್ತಾರೆಂದು ಪಾಪ ಅವರಿಗೇನು ಗೊತ್ತು!

ಕೂಗು ಕೇಳಿ ನಾನು ಓಡಿದೆ. ಕತ್ತಲೆ ಕೋಣೆಯಲ್ಲಿ ದೀಪ ಹಾಕಿದ್ದರು. ತಟ್ಟೆಯ ನೀರು ನೇರಳೆಯಾಗಿತ್ತು. ಅವರ ಎಡಗೈಯಲ್ಲಿ ಏನೂ ಇಲ್ಲದ ಬರೀ ಫಿಲಂ ಪಟ್ಟಿ ನೇತಾಡುತ್ತಿತ್ತು. ನೀರಿನಲ್ಲಿ ತೇಲುತ್ತಿದ್ದ ಕಪ್ಪು ಚೂರುಗಳನ್ನು ಬಲಗೈ ಬೆರಳುಗಳಿಂದ ಹಿಡಿಯಲು ನೋಡುತ್ತಿದ್ದರು… "ಇಲ್ಲೇ ಅವ್ಳೆ ಕಣವ್ವ, ನೀರು ಚೆಲ್ಬ್ಯಾಡ," ಎಂದರು.

ತಿಥಿಯ ದಿನ ಮಡಿಚಿಟ್ಟ ಸೀರೆಗೇ ಹಾರ ಹಾಕಿದರು. ಆಮೇಲೆ ಅಣ್ಣ ಪ್ರತಿ ರೋಲಿನ ತುದಿಯನ್ನೂ ನೀರಿಗೆ ಹಾಕಿ ನೋಡುತ್ತಿದ್ದರು. ಒಮ್ಮೊಮ್ಮೆ ನನ್ನ ಅಂಗಡಿ ಬಾಗಿಲಿಗೆ ಬಂದು, "ನಿಂಗೆ ಗ್ಯಾಪ್ಕ ಅದಾ ಕಣವ್ವ, ಅವ್ಳು ಎಂಗಿದ್ಲು?" ಎಂದು ಕೇಳುತ್ತಿದ್ದರು. ನಾನು ಕಣ್ಣು, ಹುಬ್ಬು, ಗಲ್ಲ ಎಂದು ಹೇಳುತ್ತಾ ಹೋಗುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು.

ಈಗ ಅಣ್ಣನೂ ಇಲ್ಲ, ಬಂದು ಕೇಳುವವರೂ ಇಲ್ಲ. ಮೊನ್ನೆ ಮನೆಗೆ ಬಂದು ಕಣ್ಣು ಮುಚ್ಚಿ ಕೂತೆ. ಅತ್ತಿಗೆಯ ದನಿ ಕೇಳಿಸಿತು, ನಗುವೂ ಕೇಳಿಸಿತು. ಎಷ್ಟು ಹೊತ್ತು ಕೂತರೂ ಮುಖ ಮಾತ್ರ ನನಗೂ ಬರಲಿಲ್ಲ…